ನೋವೂ ನೇಮವೂ

ಬೆಳಗಿನ ಐದು ಗಂಟೆಗೆ ಕಲ್ಲೋಳಿಯಿಂದ ಗೋಕಾಕದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಮೊದಲು ಎದುರಾಗುವವರು ಹಾಲಿನವರೂ ಅಲ್ಲ, ಕಬ್ಬಿನ ಗಾಡಿಯವರೂ ಅಲ್ಲ, ಓಡುವ ಹುಡುಗರು. ಇಬ್ಬರು ಮೂವರು ಜೊತೆಗೂಡಿ, ಕಬ್ಬಿನ ಹೊಲಗಳ ನಡುವಿನ ಡಾಂಬರು ರಸ್ತೆಯ ಅಂಚಿನಲ್ಲಿ ಓಡುತ್ತಾರೆ. ಕೆಲವರಿಗೆ ಪೋಲೀಸಿನ ಕನಸು, ಹೆಚ್ಚಿನವರಿಗೆ ಸೈನ್ಯದ ಕನಸು. ಭರತಿಯ ದಿನ 1600 ಮೀಟರಿನ ಓಟದಲ್ಲಿ ಹಿಂದೆ ಬಿದ್ದವನಿಗೆ ಬೆಳಗಾವಿಯ ದಾರಿ ಅಲ್ಲಿಗೇ ಮುಗಿಯಿತು. ಓಟ ಈ ಸೀಮೆಗೆ ಹೊಸದೇನೂ ಅಲ್ಲ. ಇದೇ ಬೆಳಗಾವಿ ಜಿಲ್ಲೆಯ ಫಡೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 19ನೆಯವನಾಗಿ ಗುರಿ ಮುಟ್ಟಿದ್ದನ್ನು ನಮ್ಮ ಹುಡುಗರಲ್ಲಿ ಎಷ್ಟು ಜನ ಬಲ್ಲರೋ!

ಹೀಗೆ ಓಡುವವರಲ್ಲೊಬ್ಬ, ಬಿ.ಎ. ಎರಡನೆಯ ವರ್ಷದವನು, ತರಗತಿ ಮುಗಿದ ಮೇಲೆ ನಿಂತು ಕೇಳಿದ ಪ್ರಶ್ನೆ ಈ ಬರಹಕ್ಕೆ ಕಾರಣ. “ಓಡೂಮುಂದ ಏನೂ ಅನಸಂಗಿಲ್ರಿ ಸರ. ಮರುದಿನ ಮುಂಜಾನೆ ಮೆಟ್ಟಲಾ ಇಳಿಯೂಮುಂದ ಚಿಪ್ಪಿನ ಕೆಳಗ ಚಾಕು ಹಾಕಿದಂಗ ಆಗತೈತ್ರಿ. ಓಡಲ್ಯೊ, ಬಿಡಲ್ಯೊ?” ಇದು ವೈದ್ಯರನ್ನು ಕೇಳಬೇಕಾದದ್ದು, ಕನ್ನಡದ ಮಾಸ್ತರನನ್ನಲ್ಲ. ವೈದ್ಯರನ್ನು ಅವನು ಕೇಳಿಯೂ ಇದ್ದ. ಆರು ತಿಂಗಳು ಓಟ ಬಿಡು ಎಂದು ಅವರು ಹೇಳಿದ್ದರು. ನೋವು ನುಂಗಿದವನೇ ಗಂಡು ಎಂದು ತಾಲೀಮಿನ ಉಸ್ತಾದರು ಹೇಳಿದ್ದರು. ಅವನಿಗೆ ಬೇಕಾಗಿದ್ದದ್ದು ಔಷಧವಲ್ಲ. ಈ ಎರಡು ಅಪ್ಪಣೆಗಳಲ್ಲಿ ಯಾವುದನ್ನು ಪಾಲಿಸುವುದು ಧರ್ಮ ಎಂಬ ತೀರ್ಮಾನ.

ಮೇಲುನೋಟಕ್ಕೆ ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧ. ಒಳಹೊಕ್ಕು ನೋಡಿದರೆ ಎರಡೂ ಒಂದೇ ಬಗೆಯವು. ನೋವನ್ನು ಕೇಳಲೇಬೇಡ ಎನ್ನುವುದು ಒಂದು; ನೋವು ಹೇಳಿದ್ದನ್ನೆಲ್ಲ ಕೇಳು ಎನ್ನುವುದು ಇನ್ನೊಂದು. ನೋವು ಹೇಳುತ್ತಿರುವುದಾದರೂ ಏನು, ಅದರಲ್ಲಿ ನಿಜವೆಷ್ಟು, ಹೆದರಿಕೆಯೆಷ್ಟು ಎಂದು ವಿಚಾರಿಸುವ ತೊಂದರೆಯಿಂದ ಎರಡೂ ನಮ್ಮನ್ನು ಪಾರುಮಾಡುತ್ತವೆ. ಆ ಕಾರಣಕ್ಕೇ ಎರಡೂ ಅಷ್ಟು ಸುಲಭವಾಗಿ ಬಾಯಿಗೆ ಬರುತ್ತವೆ.

ಸಹನೆಯ ಬಗೆಗೆ ನಮ್ಮ ಜನಕ್ಕಿರುವ ಗೌರವ ಸಣ್ಣದಲ್ಲ. ಕಲ್ಲೋಳಿಯ ಹೆಸರು ಹೇಳಿದರೆ ಹೊರಗಿನವರಿಗೆ ನೆನಪಾಗುವುದು ಇಲ್ಲಿಯ ಹನುಮಂತದೇವರು. ಹನುಮಂತನಿದ್ದಲ್ಲಿ ತಾಲೀಮು, ತಾಲೀಮಿದ್ದಲ್ಲಿ ದಂಡ, ಬೈಠಕು. ಕೆಮ್ಮಣ್ಣಿನ ಮೇಲೆ ನೂರು, ಇನ್ನೂರು, ಐನೂರು ಬೈಠಕು ಹೊಡೆದು ತೊಡೆ ನಡುಗುವಾಗಲೂ ಎಣಿಕೆ ಬಿಡದವನಿಗೆ ಅಲ್ಲಿ ಮರ್ಯಾದೆ. ನಾನು ಇದನ್ನು ಹೀಗಳೆಯಲಾರೆ. ಬೇಸರ ಬಂದೊಡನೆ ಎಲ್ಲವನ್ನೂ ಕೈಬಿಡುವ ಕಾಲದಲ್ಲಿ, ಒಂದು ಎಣಿಕೆಯನ್ನು ಹಿಡಿದು ಕೊನೆಮುಟ್ಟಿಸುವುದನ್ನು ಹುಡುಗರು ಎಲ್ಲಿಯಾದರೂ ಕಲಿಯುತ್ತಿದ್ದರೆ ಅದು ತಾಲೀಮಿನಲ್ಲಿ.

ಆದರೆ ಸಹಿಸುವುದೆಲ್ಲ ಒಂದೇ ಬೆಲೆಯದೆ? ಕರ್ಣನ ಕಥೆಯನ್ನು ಪಾಠಮಾಡುವಾಗಲೆಲ್ಲ ಈ ಸಂದೇಹ ಏಳುತ್ತದೆ. ಪರಶುರಾಮರು ಶಿಷ್ಯನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾರೆ. ಕೀಟವೊಂದು ಬಂದು ತೊಡೆಯನ್ನು ಕೊರೆಯುತ್ತದೆ. ಗುರುವಿನ ನಿದ್ದೆ ಕೆಟ್ಟೀತೆಂದು ಕರ್ಣ ಅಲುಗುವುದಿಲ್ಲ. ರಕ್ತ ತಾಗಿ ಎಚ್ಚರಗೊಂಡ ಗುರುವಿನಿಂದ ಅವನಿಗೆ ದೊರೆತದ್ದು ಮೆಚ್ಚುಗೆಯಲ್ಲ, ಶಾಪ. ತರಗತಿಯೆಲ್ಲ ಪ್ರತಿವರ್ಷವೂ ಕರ್ಣನ ಪಕ್ಷ. ನನ್ನ ಮನಸ್ಸೂ ಆ ಕಡೆಯೇ. ಕುಲವನ್ನು ಮರೆಸಿದ್ದಕ್ಕಾಗಿ ಶಾಪ ಎಂದು ಕಥೆ ಹೇಳುತ್ತದೆ. ಅದರ ನ್ಯಾಯಾನ್ಯಾಯ ಬೇರೆ ಮಾತು. ಇಲ್ಲಿ ನೋಡಬೇಕಾದದ್ದು ತಕ್ಕಡಿಯ ಎರಡು ತಟ್ಟೆಗಳನ್ನು. ಒಂದರಲ್ಲಿ ಗುರುವಿನ ಅರ್ಧ ತಾಸಿನ ನಿದ್ದೆ. ಇನ್ನೊಂದರಲ್ಲಿ ಯೋಧನೊಬ್ಬನ ತೊಡೆ. ಕರ್ಣ ಎಷ್ಟು ಸಹಿಸಬಲ್ಲೆನೆಂದು ನೋಡಿದನೇ ಹೊರತು ಯಾತಕ್ಕಾಗಿ ಸಹಿಸುತ್ತಿದ್ದೇನೆಂದು ತೂಗಿ ನೋಡಲಿಲ್ಲ. ಸಹಿಸುವ ಶಕ್ತಿಯೇ ಸಹಿಸುವುದಕ್ಕೆ ಕಾರಣವಾಗಿಬಿಟ್ಟಿತು. ನಮ್ಮ ಮೈದಾನಗಳಲ್ಲಿ ಹಾಳಾಗುವ ಮೊಣಕಾಲುಗಳ ಕಥೆ ಬಹುಮಟ್ಟಿಗೆ ಇದೇ.

ಇನ್ನು ಆ ಮೊಣಕಾಲಿನ ವಿಷಯ. ಚಿಪ್ಪಿನ ಕೆಳತುದಿಯಿಂದ ಕಾಲಿನ ದೊಡ್ಡ ಎಲುಬಿನವರೆಗೆ ಮೂರು ಬೆರಳಿನಷ್ಟು ಉದ್ದದ ಒಂದು ಬಿಗಿಯಾದ ಪಟ್ಟಿ ಇದೆ. ಪಠ್ಯಪುಸ್ತಕ ಅದನ್ನು ಸ್ನಾಯುರಜ್ಜು ಎನ್ನುತ್ತದೆ. ಊರಿನವರಿಗೆ ಅದು ನರ. ತೊಡೆಯ ಬಲವೆಲ್ಲ ಕಾಲಿಗೆ ಇಳಿಯುವುದು ಇದರ ಮೂಲಕ. ಹಾರಿ ನೆಲಕ್ಕಿಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಈ ಮೂರು ಬೆರಳಿನ ಮೇಲೆ ಬೀಳುತ್ತದೆ. ಆದ್ದರಿಂದಲೇ ಈ ನೋವಿಗೆ ಇಂಗ್ಲಿಷಿನಲ್ಲಿ ಹಾರುವವರ ಮೊಣಕಾಲು ಎಂಬರ್ಥದ ಹೆಸರು ಬಿದ್ದಿದೆ. ನಾರ್ವೆ ದೇಶದ ಮೇಲ್ಮಟ್ಟದ ಆಟಗಾರರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಂತೆ, ವಾಲಿಬಾಲ್ ಆಡುವವರಲ್ಲಿ 100ಕ್ಕೆ ಸುಮಾರು 45 ಮಂದಿಗೆ ಈ ನೋವಿತ್ತು. ಎಂದರೆ ಇದು ಮೈಗಳ್ಳರ ನೆಪವಲ್ಲ. ಆಟದ ಕಸುಬಿನ ಜೊತೆಗೇ ಬರುವ ಕಷ್ಟ.

ಈ ರಜ್ಜುವಿನ ಸ್ವಭಾವ ಮಾಂಸಖಂಡದ ಸ್ವಭಾವದಂಥದಲ್ಲ. ರಕ್ತದ ಹರಿವು ಇದಕ್ಕೆ ಕಡಿಮೆ. ಬೆಳೆಯುವುದೂ ಮಾಗುವುದೂ ನಿಧಾನ. ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ವಿಸ್ಮಯದ ಸಂಗತಿಯೊಂದನ್ನು ಹೊರಗೆಡಹಿದರು. 1955ರಿಂದ 1963ರವರೆಗೆ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಗೆ ಸೇರಿದ ಒಂದು ಬಗೆಯ ಇಂಗಾಲ ಅಂದು ಬದುಕಿದ್ದವರ ಮೈಯಲ್ಲೆಲ್ಲ ಗುರುತು ಬಿಟ್ಟಿತ್ತು. ಆ ಗುರುತನ್ನು ಹಿಡಿದು ಹಿಮ್ಮಡಿಯ ಮೇಲಿನ ರಜ್ಜುವನ್ನು ಪರೀಕ್ಷಿಸಿದಾಗ, ಅದರ ತಿರುಳು ಸುಮಾರು 17ನೆಯ ವಯಸ್ಸಿನವರೆಗೆ ಕಟ್ಟಿಕೊಂಡದ್ದು. ಅನಂತರ ಬದಲಾಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದು ಕಂಡಿತು. ರಕ್ತ ಹೊಸದಾಗುತ್ತದೆ, ಚರ್ಮ ಹೊಸದಾಗುತ್ತದೆ. ಇದೊಂದು ಹದಿನೇಳರ ಹುಡುಗ ಕಟ್ಟಿಕೊಟ್ಟದ್ದನ್ನೇ ಎಪ್ಪತ್ತರ ಮುದುಕ ತೊಟ್ಟು ನಡೆಯುವ ವಸ್ತು. ಇದನ್ನು ಓದಿದಂದಿನಿಂದ ರಸ್ತೆಯಲ್ಲಿ ಓಡುವ ಹುಡುಗರ ಕಾಲುಗಳನ್ನು ನಾನು ನೋಡುವ ಬಗೆಯೇ ಬೇರೆಯಾಗಿದೆ.

ಹಾಗಾದರೆ ವಿಶ್ರಾಂತಿಯೇ ಸರಿಯಲ್ಲವೆ? ಬಹುಕಾಲ ವೈದ್ಯರೂ ಹಾಗೆಯೇ ತಿಳಿದಿದ್ದರು. ಇದು ಉರಿಯೂತ, ತಣ್ಣಗೆ ಬಿಟ್ಟರೆ ಆರುತ್ತದೆ ಎಂಬ ನಂಬಿಕೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತದ ಲಕ್ಷಣ ಅಲ್ಲಿ ಬಹಳ ಕಡಿಮೆ. ಕಂಡದ್ದು ಎಳೆಗಳು ಸಡಿಲಗೊಂಡು ಅಸ್ತವ್ಯಸ್ತವಾದ ಹಗ್ಗ. ಭಾರವೇ ಬೀಳದ ಹಗ್ಗ ಬಿಗಿಯಾಗುವುದಿಲ್ಲ. ಆರು ತಿಂಗಳು ಮಲಗಿಸಿದರೆ ನೋವು ತಣಿಯುತ್ತದೆ, ನಿಜ. ಜೊತೆಗೆ ರಜ್ಜುವೂ ತೊಡೆಯೂ ಬಡವಾಗುತ್ತವೆ. ಮತ್ತೆ ಓಡಿದ ಮೊದಲ ವಾರದಲ್ಲೇ ಹಳೆಯ ನೋವು ಬಾಗಿಲು ತಟ್ಟುತ್ತದೆ.

ಈ ತಿಳಿವಳಿಕೆ ಬಂದ ಬಗೆಯೂ ಒಂದು ಕಥೆಯೇ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ ಎಂಬ ಶಸ್ತ್ರವೈದ್ಯರಿಗೆ ಓಟದ ಹುಚ್ಚು. ಹಿಮ್ಮಡಿಯ ರಜ್ಜುವಿನಲ್ಲಿ ಬಿಡದ ನೋವು. ಶಸ್ತ್ರಚಿಕಿತ್ಸೆ ಮಾಡಿರೆಂದು ಕೇಳಿದರೆ, ನೀವು ರಜೆಯ ಮೇಲೆ ಹೋದರೆ ಆಸ್ಪತ್ರೆ ನಡೆಯುವುದಿಲ್ಲವೆಂದು ಮೇಲಿನವರು ಒಪ್ಪಲಿಲ್ಲ. ರಜ್ಜು ಕಿತ್ತೇ ಹೋದರೆ ಶಸ್ತ್ರಚಿಕಿತ್ಸೆ ಮಾಡದೆ ವಿಧಿಯಿಲ್ಲವಲ್ಲ ಎಂದು ಅವರು ನೋವಿನ ಮೇಲೆಯೇ ಭಾರ ಹೇರಿ ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮಕ್ಕೆ ತೊಡಗಿದರು. ಕಿತ್ತುಹೋಗಬೇಕಾದದ್ದು ಗುಣವಾಯಿತು! 1998ರಲ್ಲಿ ಅವರು ತಮ್ಮ ರೋಗಿಗಳ ಮೇಲೆ 12 ವಾರ ನಡೆಸಿದ ಇದೇ ವ್ಯಾಯಾಮದ ಫಲವನ್ನು ಪ್ರಕಟಿಸಿದರು. ಬರಬರುತ್ತ ಮೊಣಕಾಲಿಗೂ ಅದೇ ತತ್ತ್ವ ಬಂತು: ಭಾರ ಹೊತ್ತು, ಕೆಲವೇ ಸಲ, ಬಹಳ ನಿಧಾನವಾಗಿ ಕೂತು ಏಳುವುದು. ನೋಡಿದರೆ ಇದೂ ಬೈಠಕೇ. ತಾಲೀಮಿನ ಬೈಠಕು ಹಗುರ, ವೇಗ, ಅಸಂಖ್ಯ; ಇದು ಭಾರ, ಮಂದ, ಮಿತ. ದಿನವೂ ಅಲ್ಲ, ದಿನಬಿಟ್ಟು ದಿನ. ಏಕೆಂದರೆ ಭಾರ ಹೊತ್ತ ರಜ್ಜುವಿನಲ್ಲಿ ಮೊದಲ ಒಂದೂವರೆ ದಿನ ಕಟ್ಟುವುದಕ್ಕಿಂತ ಕಳಚುವುದೇ ಹೆಚ್ಚು. ಕಟ್ಟುವ ಕೆಲಸ ಮೇಲಾಗುವುದು ಆಮೇಲೆ.

ಸಹನೆಯ ಪಕ್ಷದವರು ಇಷ್ಟು ಕೇಳಿ ಗೆದ್ದೆವೆಂದು ಹಿಗ್ಗಬಾರದು. ವಾಲಿಬಾಲ್ ಪಂದ್ಯಗಳ ಋತುವಿನಲ್ಲಿ ಆಟವನ್ನೂ ಪೂರ್ತಿ ಆಡುತ್ತ ಈ ವ್ಯಾಯಾಮವನ್ನೂ ಮಾಡಿದವರಿಗೆ ಏನೂ ಪ್ರಯೋಜನವಾಗಲಿಲ್ಲವೆಂದು ನಾರ್ವೆಯ ಇನ್ನೊಂದು ಪರೀಕ್ಷೆ 2005ರಲ್ಲೇ ತೋರಿಸಿತು. ಔಷಧವನ್ನೂ ಅಪಥ್ಯವನ್ನೂ ಒಂದೇ ತಟ್ಟೆಯಲ್ಲಿ ಉಂಡಂತೆ. ಇನ್ನೊಂದು ಕಡೆ, 2007ರಲ್ಲಿ ಸ್ವೀಡನ್ನಿನವರು ಹಿಮ್ಮಡಿ ನೋವಿನ ಓಟಗಾರರನ್ನು ಎರಡು ಗುಂಪು ಮಾಡಿ, ವ್ಯಾಯಾಮವನ್ನು ಇಬ್ಬರಿಗೂ ಕೊಟ್ಟು, ಒಂದು ಗುಂಪಿಗೆ ಮಾತ್ರ ಕೆಲವು ವಾರ ಓಟ ಬಿಡಿಸಿದರು. ಓಡುತ್ತಲೇ ಇದ್ದವರು ಬಿಟ್ಟವರಷ್ಟೇ ಗುಣವಾದರು. ಆದರೆ ಅವರು ಓಡಿದ್ದು ಒಂದು ಕಟ್ಟಳೆಗೆ ಒಳಪಟ್ಟು. ಸೊನ್ನೆಯಿಂದ ಹತ್ತರವರೆಗೆ ನೋವನ್ನು ಅಳೆದರೆ ಐದನ್ನು ಮೀರಬಾರದು. ಮರುದಿನ ಬೆಳಗಾಗುವಷ್ಟರಲ್ಲಿ ಅದು ತಗ್ಗಿರಬೇಕು. ವಾರದಿಂದ ವಾರಕ್ಕೆ ಏರಬಾರದು.

ಈ ಕಟ್ಟಳೆ ವೈದ್ಯಕೀಯದ್ದಾದರೂ ನನಗೆ ಇದು ನೀತಿಶಾಸ್ತ್ರದ ಮಾತಾಗಿ ಕಾಣುತ್ತದೆ. ಓಡುವಾಗಿನ ಮೊಣಕಾಲು ನಂಬತಕ್ಕ ಸಾಕ್ಷಿಯಲ್ಲ. ಮೈ ಬಿಸಿಯಾದಾಗ, ಜೊತೆಯವರು ಮುಂದೆ ಓಡುತ್ತಿರುವಾಗ, ಈ ರಜ್ಜು ಸುಮ್ಮನಿರುತ್ತದೆ. ಎಷ್ಟೋ ಸಲ ಓಡುತ್ತ ಓಡುತ್ತ ನೋವು ಮಾಯವಾದಂತೆಯೇ ಆಗುತ್ತದೆ. ನಿಜ ಹೇಳುವುದು ಮರುದಿನ ಮೆಟ್ಟಿಲಿಳಿಯುವ ಮೊಣಕಾಲು; ಅಷ್ಟರಲ್ಲಿ ಮಾಡುವುದೆಲ್ಲ ಮಾಡಿ ಆಗಿರುತ್ತದೆ. ನಮ್ಮ ಇತರ ನಡೆನುಡಿಗಳಲ್ಲಿಯೂ ಹೀಗೆಯೇ ಅಲ್ಲವೆ? ಸಾಲ ಮಾಡುವ ದಿನ, ಜಗಳವಾಡುವ ಗಳಿಗೆ, ಯಾವುದೂ ನೋಯುವುದಿಲ್ಲ. ಆದ್ದರಿಂದ ಇಂದಿನ ಹುರುಪನ್ನು ನಿನ್ನೆಯ ನೋವಿನ ಮಾತಿಗೆ ಒಳಪಡಿಸಬೇಕಾಗುತ್ತದೆ. ಇಂದು ಐದು ಮೈಲಿ ಓಡಬಲ್ಲೆ, ಕಾಲೂ ಒಲ್ಲೆನೆನ್ನುತ್ತಿಲ್ಲ, ಆದರೂ ಎರಡಕ್ಕೇ ನಿಲ್ಲುತ್ತೇನೆ ಎನ್ನುವುದಕ್ಕೆ ಬೇಕಾದ ಗಟ್ಟಿತನವನ್ನು ತಾಲೀಮು ಕಲಿಸುವುದಿಲ್ಲ, ಹಾಸಿಗೆಯೂ ಕಲಿಸುವುದಿಲ್ಲ.

2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದ ಅನಿಲ್ ಕುಂಬ್ಳೆ ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರು ಎಸೆದು ಲಾರಾನನ್ನು ಔಟುಮಾಡಿದ್ದನ್ನು ನಮ್ಮ ಹುಡುಗರು ಇಂದಿಗೂ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಅದು ಒಂದು ಮಧ್ಯಾಹ್ನದ ಧೈರ್ಯ. ಮಾರನೆಯ ದಿನ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ವಿಮಾನ ಕಾದಿತ್ತು. ದವಡೆ ಎಸೆಯುವ ಕೆಲಸದಲ್ಲಿ ಪಾಲುಗಾರನೂ ಅಲ್ಲ. ಅದನ್ನು ಮಾದರಿಯಾಗಿ ಇಟ್ಟುಕೊಂಡು ನೂರು ಬೆಳಗು ನೋಯುವ ಮೊಣಕಾಲಿನ ಮೇಲೆ ಓಡುವವನು ಬೇರೆಯೇ ಲೆಕ್ಕವನ್ನು ಬೇರೆಯೇ ಸೂತ್ರದಿಂದ ಬಿಡಿಸುತ್ತಿದ್ದಾನೆ. ಬ್ರೆಜಿಲಿನ ರೊನಾಲ್ಡೊಗೆ 1999ರ ನವೆಂಬರಿನಲ್ಲಿ ಇದೇ ಚಿಪ್ಪಿನ ರಜ್ಜು ಹರಿಯಿತು. ಶಸ್ತ್ರಚಿಕಿತ್ಸೆಯಾಗಿ 2000ದ ಏಪ್ರಿಲಿನಲ್ಲಿ ಮೈದಾನಕ್ಕಿಳಿದ ಕೆಲವೇ ನಿಮಿಷಗಳಲ್ಲಿ ಪೂರ್ತಿ ಕಿತ್ತುಹೋಯಿತು. 2002ರ ವಿಶ್ವಕಪ್ಪಿನ ಅಂತಿಮ ಪಂದ್ಯದ ಎರಡು ಗೋಲುಗಳಿಗಾಗಿ ಆತ ಎರಡು ವರ್ಷ ಕಾದ. ಜಗತ್ತು ಗೋಲುಗಳನ್ನು ನೆನೆಯುತ್ತದೆ; ಕಾದದ್ದನ್ನು ನೆನೆಯುವವರು ಕಡಿಮೆ.

ಚುಚ್ಚುಮದ್ದಿನ ಮಾತು ಬೇರೆ. ಭರತಿಗೆ ಮುನ್ನ ಮೊಣಕಾಲಿಗೆ ಒಂದು ಸೂಜಿ ಚುಚ್ಚಿಸಿಕೊಂಡರೆ ಆಯಿತು ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಡೆನ್ಮಾರ್ಕಿನಲ್ಲಿ 2009ರಲ್ಲಿ ಹೋಲಿಸಿ ನೋಡಿದಾಗ, ಸ್ಟೀರಾಯ್ಡ್ ಚುಚ್ಚಿಸಿಕೊಂಡವರೂ ನಿಧಾನದ ಭಾರದ ವ್ಯಾಯಾಮ ಮಾಡಿದವರೂ 12 ವಾರಕ್ಕೆ ಸುಧಾರಿಸಿದ್ದರು. ಅರ್ಧವರ್ಷಕ್ಕೆ ನೋಡಿದರೆ ಸೂಜಿಯವರು ಹಿಂದಕ್ಕೆ ಜಾರಿದ್ದರು. ನೋವನ್ನು ಸಹಿಸುವವನು ಸಾಕ್ಷಿಯ ಮಾತನ್ನು ಕೇಳಿಯೂ ತನ್ನ ತೀರ್ಮಾನ ತಾನು ಮಾಡುತ್ತಾನೆ. ನೋವನ್ನು ಮರೆಸುವವನು ಸಾಕ್ಷಿಗೆ ಲಂಚ ಕೊಟ್ಟು ಊರುಬಿಡಿಸುತ್ತಾನೆ. ಮೊದಲನೆಯದು ತಪ್ಪಾದರೂ ಅವನದೇ ತಪ್ಪು.

ಇಷ್ಟಾದರೂ ಹುಡುಗನ ಪ್ರಶ್ನೆ ಪೂರ್ತಿ ಬಿಡಿಸಿದಂತಾಗಲಿಲ್ಲ. ರಜ್ಜುವಿಗೆ ಮೂರು ತಿಂಗಳು, ಆರು ತಿಂಗಳು, ಒಮ್ಮೊಮ್ಮೆ ವರ್ಷವೇ ಬೇಕು. ಅವನಿಗೆ ಅಷ್ಟು ಕಾಲವಿಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಬಂದಾಗ ಸೇರುವ ವಯಸ್ಸನ್ನು ಹದಿನೇಳೂವರೆಯಿಂದ 21 ಎಂದು ಗೊತ್ತುಮಾಡಿದರು. ಆ ಮೊದಲ ವರ್ಷಕ್ಕೆ ಮಾತ್ರ 23ರವರೆಗೆ ಸಡಿಲಿಕೆ. ಮೈಯ ಪಂಚಾಂಗ ಒಂದು, ಸರಕಾರದ ಪಂಚಾಂಗ ಇನ್ನೊಂದು. “ಕಾಯಿ, ಎಲ್ಲಾ ಸರಿಹೋಗತೈತಿ” ಎಂದು ಸಂಬಳದ ನೌಕರಿಯಲ್ಲಿ ಕುಳಿತವನು ಹೇಳುವುದರಲ್ಲಿ ಏನೋ ಒಂದು ಅಪ್ರಾಮಾಣಿಕತೆಯಿದೆ. ಮೊಣಕಾಲು ಅವನೊಬ್ಬನದೂ ಅಲ್ಲ. ಅದರ ಮೇಲೆ ತಂದೆಯ ಸಾಲ ನಿಂತಿದೆ, ತಂಗಿಯ ಮದುವೆ ನಿಂತಿದೆ.

ನಮ್ಮ ನೆರೆಯ ಕೊಲ್ಲಾಪುರದ ಸಂಗತಿಯೊಂದು ಇಲ್ಲಿ ನೆನಪಿಗೆ ಬರುತ್ತದೆ. ಕುಸ್ತಿಪಟು ಖಾಶಾಬಾ ಜಾಧವರನ್ನು 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಕಳಿಸಲು ಹಣವಿರಲಿಲ್ಲ. ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನು ಒತ್ತೆಯಿಟ್ಟು 7000 ರೂಪಾಯಿ ಒದಗಿಸಿದರು. ಜಾಧವರು ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಅದೇ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. 1956ರ ಮೆಲ್ಬೋರ್ನಿಗೆ ಹೋಗುವುದನ್ನು ಮೊಣಕಾಲಿನ ಪೆಟ್ಟು ತಪ್ಪಿಸಿತು. ಒತ್ತೆಬಿದ್ದ ಮನೆಯೊಂದರ ಭಾರ ಹೊತ್ತ ಕಾಲಿಗೆ ವಿಶ್ರಾಂತಿಯ ಉಪದೇಶ ಮಾಡುವವರು ಆ ಪ್ರಿನ್ಸಿಪಾಲರ ಹಾಗೆ ಭಾರದಲ್ಲಿ ಪಾಲು ಹೊತ್ತಿದ್ದರೆ ಮಾತು ಒಪ್ಪುತ್ತದೆ. ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: ಎರಡು ತಿಂಗಳು ಕಟ್ಟಳೆಯಂತೆ ಅಳೆದು ಓಡು, ಊತವೋ, ಕಾಲು ನೀಡಲಾಗದ ತೊಂದರೆಯೋ ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗು, ಭರತಿಯ ದಿನ ನೋಯುತ್ತಿದ್ದರೂ ಓಡುವುದು ನಿನ್ನ ಹಕ್ಕು, ಏನನ್ನು ಪಣಕ್ಕಿಟ್ಟಿದ್ದೇನೆಂದು ತಿಳಿದು ಓಡು. ಆ ಒಂದು ದಿನ ಕುಂಬ್ಳೆಯ ಲೆಕ್ಕ ನಡೆಯುತ್ತದೆ. ಅದಕ್ಕೆ ಮುಂಚಿನ ದಿನಗಳಲ್ಲಿ ನಡೆಯುವುದಿಲ್ಲ.

ಹುಡುಗಿಯರ ಮಾತನ್ನು ಬಿಟ್ಟರೆ ಅನ್ಯಾಯವಾದೀತು. ಖೋಖೋ ಆಡುವ ಹುಡುಗಿಗೆ ಇದೇ ನೋವು ಬಂದರೆ ಅವಳಿಗೆ ಎರಡು ಅಪ್ಪಣೆಗಳಿಲ್ಲ, ಒಂದೇ: “ಸಾಕು ಬಿಡವ್ವ, ಆಡಿದ್ದು.” ಆರು ತಿಂಗಳ ವಿಶ್ರಾಂತಿ ಅವಳ ಪಾಲಿಗೆ ಜನ್ಮದ ವಿಶ್ರಾಂತಿ. ಗಂಡುಮಕ್ಕಳ ನೋವನ್ನು ನಾವು ನಂಬುವುದಿಲ್ಲ. ಹೆಣ್ಣುಮಕ್ಕಳ ನೋವನ್ನು ಬೇಕಾದದ್ದಕ್ಕಿಂತ ಬೇಗ ನಂಬಿಬಿಡುತ್ತೇವೆ, ಏಕೆಂದರೆ ಅದು ನಮಗೆ ಅನುಕೂಲ.

ಬೌದ್ಧರ ವಿನಯಪಿಟಕದಲ್ಲಿ ಸೋಣನೆಂಬ ಭಿಕ್ಷುವಿನ ಕಥೆಯುಂಟು. ಸುಖದಲ್ಲಿ ಬೆಳೆದ ಮೆತ್ತನೆಯ ಪಾದದವನು. ಸಾಧನೆಯ ಆವೇಶದಲ್ಲಿ ನಡೆದು ನಡೆದು ಅಂಗಾಲು ಒಡೆದು, ನಡೆಯುವ ದಾರಿಯೆಲ್ಲ ರಕ್ತ. ಬುದ್ಧ ಅವನಿಗೆ ವೀಣೆಯ ತಂತಿಯ ಉಪಮೆ ಹೇಳಿದ್ದು ಎಲ್ಲರಿಗೂ ಗೊತ್ತು: ತೀರ ಬಿಗಿದರೂ ನುಡಿಯದು, ತೀರ ಸಡಿಲಿಸಿದರೂ ನುಡಿಯದು. ಕಥೆಯ ಮುಂದಿನ ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ. ಬುದ್ಧ ಅವನಿಗೆ ಪಾದರಕ್ಷೆ ತೊಡಲು ಅನುಮತಿ ಕೊಟ್ಟ. ಸೋಣ ಒಪ್ಪಲಿಲ್ಲ. ಅಷ್ಟು ಸಿರಿಯನ್ನು ಬಿಟ್ಟುಬಂದವನು ಒಂದು ಜೊತೆ ಕೆರವನ್ನು ಬಿಡಲಾರದೆ ಹೋದನೆಂದು ಜನ ನಗುತ್ತಾರೆ. ಸಂಘಕ್ಕೆಲ್ಲ ಅನುಮತಿಯಾದರೆ ತಾನೂ ತೊಡುವೆ ಎಂದ. ಬುದ್ಧ ಒಂದೇ ಪದರದ ಪಾದರಕ್ಷೆಯನ್ನು ಭಿಕ್ಷುಗಳೆಲ್ಲರಿಗೂ ಅನುಮತಿಸಿದ.

ನಮ್ಮ ಹುಡುಗ ನೋವನ್ನು ಮುಚ್ಚಿಡುವುದೂ ಸೋಣನ ಕಾರಣಕ್ಕೇ. ಎಲ್ಲರೂ ಇನ್ನೂರು ಹೊಡೆಯುವಾಗ ತಾನೊಬ್ಬ ನಲವತ್ತಕ್ಕೆ ನಿಂತರೆ ಕೆಮ್ಮಣ್ಣಿನ ಮೇಲೆ ತಲೆಯೆತ್ತಲಾಗದು. ಮೊನ್ನೆ ತಾಲೀಮಿನ ಉಸ್ತಾದರೊಡನೆ ಈ ಮಾತು ಬಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ವಾರಕ್ಕೆ ಮೂರು ದಿನ ಎಲ್ಲರಿಗೂ ಭಾರದ ಬೈಠಕು, ನಿಧಾನದ ಎಣಿಕೆ ಇಟ್ಟು ನೋಡೋಣ ಎಂದರು. ಮುಂಜಾನೆ ಬಂದ ಪ್ರತಿಯೊಬ್ಬನನ್ನೂ “ನಿನ್ನೀದು ಎಷ್ಟಕ್ಕ ಇಳದೈತಿ?” ಎಂದು ಕೇಳುವ ರೂಢಿಯನ್ನೂ ಹಾಕಿಕೊಂಡಿದ್ದಾರೆ. ಮೊದಲ ವಾರ ಎಲ್ಲರೂ ಸೊನ್ನೆ ಎಂದರಂತೆ. ಎರಡನೆಯ ವಾರ ಒಬ್ಬ ನಾಲ್ಕು ಎಂದ. ಅವನ ಹಿಂದೆಯೇ ಇನ್ನೂ ಮೂವರು ಬಾಯಿಬಿಟ್ಟರಂತೆ.